ಮೇಕಪ್ ಕೆಡದ ಹಾಗೆ ಮಧ್ಯಾಹ್ನ ಮತ್ತೆ ಸನ್‌ಸ್ಕ್ರೀನ್

(ಮೈಸೂರಿನಲ್ಲಿ ಕೆಲಸಕ್ಕೆ ಹೋಗುವ ಮಹಿಳೆಯರಿಗೂ ಬ್ಯೂಟಿಶಿಯನ್‌ಗಳಿಗೂ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಬಹಳ ಮಂದಿ ಬೆಳಿಗ್ಗೆ ಸನ್‌ಸ್ಕ್ರೀನ್ ಹಚ್ಚಿಕೊಂಡೇ ಬಂದಿರುತ್ತೀರಿ. ಅದರ ಮೇಲೆ ಫೌಂಡೇಶನ್ ಕೂತಿದೆ, ಕಾಂಪ್ಯಾಕ್ಟ್ ಕೂತಿದೆ, ಕಾಡಿಗೆ, ಬಿಂದಿ ಎಲ್ಲ ಆಗಿದೆ. ಟ್ಯೂಬಿನ ಹಿಂದೆ ‘ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ’ ಅಂತ ಬರೆದಿರುತ್ತದೆ. ಇಷ್ಟೆಲ್ಲ ಮೇಕಪ್ ಇರುವ ಮುಖಕ್ಕೆ ಹೇಗೆ ಹಚ್ಚಬೇಕು ಅನ್ನುವುದನ್ನು ಮಾತ್ರ ಬರೆದಿರುವುದಿಲ್ಲ. ಇವತ್ತಿನ ಮಾತು ಅದರ ಬಗ್ಗೆ.

ಮೊದಲು ನಮ್ಮ ಊರಿನ ಬಿಸಿಲಿನ ವಿಷಯ. ಮೈಸೂರು ತಂಪಾದ ಊರು ಅನ್ನುವ ಹೆಮ್ಮೆ ನಮಗಿದೆ. ಆ ತಂಪೇ ಇಲ್ಲಿ ನಮ್ಮನ್ನು ಮೋಸ ಮಾಡುತ್ತದೆ. ಚರ್ಮಕ್ಕೆ ಸುಡು ಅನ್ನಿಸುವುದು ಬಿಸಿಲಿನ ಶಾಖ. ಚರ್ಮವನ್ನು ಕೆಡಿಸುವುದು ಅತಿನೇರಳೆ ಕಿರಣ. ಅದು ಮುಟ್ಟಿದರೆ ಗೊತ್ತಾಗುವುದಿಲ್ಲ, ಗಾಳಿ ತಣ್ಣಗಿದ್ದರೂ ಕಡಿಮೆಯಾಗುವುದಿಲ್ಲ. ಮೈಸೂರು ಇರುವುದು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿ. ಏಪ್ರಿಲ್ ಮೂರನೆಯ, ನಾಲ್ಕನೆಯ ವಾರದಲ್ಲೊಮ್ಮೆ, ಆಗಸ್ಟ್ 20ರ ಆಸುಪಾಸಿನಲ್ಲೊಮ್ಮೆ ಸೂರ್ಯ ಇಲ್ಲಿ ನೆತ್ತಿಯ ಮೇಲೇ ಬರುತ್ತಾನೆ. ಎತ್ತರ ಸಾವಿರ ಮೀಟರ್ ಏರಿದರೆ ಅತಿನೇರಳೆ ಕಿರಣ ಶೇ 10ರಷ್ಟು ಹೆಚ್ಚುತ್ತದೆ. ಹಾಗಾಗಿ ಮಂಗಳೂರಿನವರಿಗಿಂತ ನಮಗೆ ಬೆವರು ಕಡಿಮೆ, ಕಿರಣ ಮಾತ್ರ ಕಡಿಮೆ ಅಲ್ಲ.

ಯಾವ ಆ್ಯಪ್ ಕೂಡ ಇಲ್ಲದೆ ಇದನ್ನು ನೋಡಿಕೊಳ್ಳಬಹುದು. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಬಿಸಿಲು ಚರ್ಮಕ್ಕೆ ಜೋರಾಗಿದೆ ಅಂತ ಅರ್ಥ. ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21 ಅಥವಾ 22. ಅವತ್ತಿನ ನಡುಮಧ್ಯಾಹ್ನವೂ ಮೈಸೂರಿನಲ್ಲಿ ಐದು ಅಡಿ ಎತ್ತರದವರ ನೆರಳು ಮೂರೂವರೆ ಅಡಿಗಿಂತ ಸ್ವಲ್ಪ ಉದ್ದ ಇರುತ್ತದೆ, ಅಷ್ಟೆ. ಅಂದರೆ ನಮಗೆ ಚಳಿಗಾಲದ ರಜೆ ಇಲ್ಲ. ಇನ್ನೊಂದು ವಿಷಯ: ನಮ್ಮ ನಿಜವಾದ ನಡುಹಗಲು ಗಡಿಯಾರದ 12 ಗಂಟೆಗೆ ಆಗುವುದಿಲ್ಲ. ಭಾರತೀಯ ಕಾಲಮಾನ 82.5 ಡಿಗ್ರಿ ರೇಖಾಂಶದ್ದು, ನಾವು 76.6ರ ಹತ್ತಿರ ಇದ್ದೇವೆ. ಆದ್ದರಿಂದ ನೆರಳು ಅತಿ ಗಿಡ್ಡವಾಗುವುದು ಸುಮಾರು 12.20ಕ್ಕೆ, ಫೆಬ್ರುವರಿಯಲ್ಲಿ 12.35 ದಾಟಿಯೂ ಆಗುತ್ತದೆ. ಊಟಕ್ಕೆಂದು 1 ಗಂಟೆಗೆ ಹೊರಗೆ ಬರುವವರು ಬಿಸಿಲು ಇಳಿದ ಮೇಲೆ ಬಂದೆವು ಅಂದುಕೊಳ್ಳಬೇಡಿ.

ಈಗ ಮುಖ್ಯ ವಿಷಯ. ಸನ್‌ಸ್ಕ್ರೀನ್ ಕೆಲಸ ಮಾಡುವುದು ಚರ್ಮದ ಮೇಲೆ ಒಂದು ಸಮನಾದ ಪೊರೆಯಾಗಿ. ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಅನ್ನುವ ಅಳತೆ) 50 ಅಂತ ಬರೆಯುವ ಮೊದಲು ಪ್ರಯೋಗಾಲಯದಲ್ಲಿ ಚರ್ಮದ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಪರೀಕ್ಷೆ ಮಾಡಿರುತ್ತಾರೆ. ಮುಖ, ಕಿವಿ, ಕತ್ತಿನ ಲೆಕ್ಕಕ್ಕೆ ತಂದರೆ ಅದು ಒಂದು ಗ್ರಾಂಗಿಂತ ಸ್ವಲ್ಪ ಹೆಚ್ಚು. ತೋರುಬೆರಳು, ನಡುಬೆರಳು ಎರಡರ ಮೇಲೂ ಬುಡದಿಂದ ತುದಿಯವರೆಗೆ ಒಂದೊಂದು ಗೆರೆ ಹಿಂಡಿದರೆ ಹತ್ತಿರ ಹತ್ತಿರ ಅಷ್ಟಾಗುತ್ತದೆ. ಅದರಲ್ಲಿ ಅರ್ಧ ಹಚ್ಚಿದರೆ ರಕ್ಷಣೆಯೂ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ. ನೀವು ಎಷ್ಟು ಹಚ್ಚುತ್ತಿದ್ದೀರಿ ಅಂತ ತಿಳಿಯಬೇಕಾದರೆ ಟ್ಯೂಬಿನ ಮೇಲೆ ತೆರೆದ ದಿನಾಂಕ ಬರೆದಿಡಿ. 50 ಗ್ರಾಂ ಟ್ಯೂಬ್ ಬೆಳಿಗ್ಗೆ ಒಂದೇ ಸಲ ಹಚ್ಚಿದರೂ ಒಂದೂವರೆ ತಿಂಗಳೊಳಗೆ ಖಾಲಿಯಾಗಬೇಕು. ಆರು ತಿಂಗಳು ಬಂತು ಅಂದರೆ ದಿನಕ್ಕೆ 0.28 ಗ್ರಾಂ ಹಚ್ಚಿದ್ದೀರಿ, ಬೇಕಾದ್ದರ ಕಾಲು ಭಾಗ. ಅಂಥ ಮುಖದ ಮೇಲೆ ಮಧ್ಯಾಹ್ನ ಏನು ಕಸರತ್ತು ಮಾಡಿದರೂ ಅಷ್ಟಕ್ಕಷ್ಟೆ.

ಆದ್ದರಿಂದ ನಮ್ಮ ಮೊದಲ ಮಾತು ಇದು: ಬೆಳಗಿನ ಪದರವೇ ಅಸಲು, ಮಧ್ಯಾಹ್ನದ್ದು ರಿಪೇರಿ. ಮೇಕಪ್ ಮೇಲೆ ಎಷ್ಟೇ ನಾಜೂಕಾಗಿ ಹಚ್ಚಿದರೂ ಬರೀ ಚರ್ಮದ ಮೇಲೆ ಹಚ್ಚಿದಷ್ಟು ಪೂರ್ತಿ ಪೊರೆ ಬರುವುದಿಲ್ಲ. ಬೆಳಿಗ್ಗೆ ಮಾಯಿಶ್ಚರೈಸರ್ ಆದ ಮೇಲೆ ಎರಡು ಬೆರಳಿನಷ್ಟನ್ನು ಒಂದೇ ಸಲ ಬಳಿಯದೆ ಒಂದೊಂದು ಬೆರಳಿನಷ್ಟು ಎರಡು ಸಲ ಹಚ್ಚಿ. ಆಮೇಲೆ ಹದಿನೈದು ನಿಮಿಷ ಬಿಡಿ. ಆ ಹೊತ್ತಿಗೆ ತಲೆ ಬಾಚಬಹುದು, ತಿಂಡಿ ಕಟ್ಟಬಹುದು. ಪೊರೆ ಕೂತ ಮೇಲೆ ಫೌಂಡೇಶನ್, ಅದೂ ಒತ್ತಿ ಒತ್ತಿ, ಎಳೆದು ಉಜ್ಜಿ ಅಲ್ಲ. ಸಮಯ ಉಳಿಸಲು ಸನ್‌ಸ್ಕ್ರೀನ್ ಮತ್ತು ಫೌಂಡೇಶನ್ ಅಂಗೈಯಲ್ಲಿ ಕಲಸಿ ಹಚ್ಚುವ ಅಭ್ಯಾಸ ಹಲವರಲ್ಲಿದೆ, ದಯವಿಟ್ಟು ಬಿಡಿ. ಹಾಗೆ ಕಲಸಿದರೆ ಪೊರೆ ಒಡೆಯುತ್ತದೆ. ಹಾಗೆಯೇ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಮೇಲೆ ಎಸ್‌ಪಿಎಫ್ 15ರ ಫೌಂಡೇಶನ್ ಹಚ್ಚಿದರೆ 45 ಆಗುವುದಿಲ್ಲ. ಫೌಂಡೇಶನ್‌ನ ಎಸ್‌ಪಿಎಫ್ ನಿಜವಾಗಿ ಸಿಗಬೇಕಾದರೆ ಅದನ್ನೂ ಎರಡು ಬೆರಳಿನಷ್ಟು ಬಳಿಯಬೇಕು. ಅಷ್ಟು ಫೌಂಡೇಶನ್ ಯಾರೂ ಹಚ್ಚುವುದಿಲ್ಲ, ಹಚ್ಚಲೂ ಬಾರದು.

ಎರಡು ಗಂಟೆಯ ಲೆಕ್ಕ ಯಾಕೆ ಬಂತು? ಪೊರೆ ಹರಿಯುತ್ತಾ ಹೋಗುತ್ತದೆ. ಮುಖದ ಎಣ್ಣೆ ಅದನ್ನು ಕೆಳಗಿನಿಂದ ಎತ್ತುತ್ತದೆ, ಬೆವರು ತೊಳೆಯುತ್ತದೆ, ಕೈ ಒರೆಸುತ್ತದೆ. ಅವೊಬೆಂಝೋನ್‌ನಂಥ ಕೆಲವು ಫಿಲ್ಟರ್‌ಗಳು (ಸನ್‌ಸ್ಕ್ರೀನಿನಲ್ಲಿ ಕಿರಣ ತಡೆಯುವ ಅಂಶಗಳು), ಜೊತೆಗೆ ಅವನ್ನು ಒಡೆಯದಂತೆ ಕಾಪಾಡುವ ಸರಿಯಾದ ಸ್ಟೆಬಿಲೈಸರ್ ಇಲ್ಲದಿದ್ದರೆ, ಬಿಸಿಲಿನಲ್ಲೇ ಒಡೆಯುತ್ತವೆ. ನಮ್ಮ ಕಡೆ ಇದರ ಜೊತೆಗೆ ಇನ್ನೆರಡು ಶತ್ರುಗಳಿವೆ. ಒಂದು ಸೆರಗು ಅಥವಾ ದುಪಟ್ಟಾ; ಮೆಟ್ಟಿಲು ಹತ್ತಿ ಬಂದು ಹಣೆ, ಮೇಲ್ದುಟಿ ಒರೆಸಿಕೊಂಡರೆ ಆ ಜಾಗದ ಪೊರೆ ಬಟ್ಟೆಗೆ ಹೋಯಿತು. ಇನ್ನೊಂದು ಹೆಲ್ಮೆಟ್. ಒಳಗಿನ ಸ್ಪಂಜು ಹಣೆ, ಕಣತಲೆ, ಕೆನ್ನೆಯ ಮೂಳೆಗಳನ್ನೇ ಉಜ್ಜುತ್ತದೆ, ಪಟ್ಟಿ ದವಡೆಯನ್ನು ಉಜ್ಜುತ್ತದೆ. ಬಂಗು (ಮುಖದ ಮೇಲಿನ ಕಪ್ಪು ಕಲೆ) ಹೆಚ್ಚು ಕಾಣಿಸಿಕೊಳ್ಳುವುದೂ ಇದೇ ಜಾಗಗಳಲ್ಲಿ. ಹೆಲ್ಮೆಟ್ ಬೇಡ ಅಂತ ಖಂಡಿತ ಹೇಳುತ್ತಿಲ್ಲ. ಹಚ್ಚಿದ ಕೂಡಲೇ ಹಾಕಬೇಡಿ, ತೆಗೆದ ಮೇಲೆ ಆ ನಾಲ್ಕು ಜಾಗ ಮರೆಯಬೇಡಿ.

ಹಾಗಂತ ಎರಡು ಗಂಟೆಗೊಮ್ಮೆ ಅಲಾರಂ ಇಟ್ಟುಕೊಂಡು ಕೂರಬೇಕಾಗಿಲ್ಲ. ಕಿಟಕಿಯಿಂದ ದೂರ, ಫ್ಯಾನಿನ ಕೆಳಗೆ ಬೆಳಗಿಂದ ಕೂತಿರುವವರಿಗೆ ಪೊರೆ ಬಹಳ ಹೊತ್ತು ಉಳಿಯುತ್ತದೆ. ಅವರು ಹೊರಗೆ ಹೋಗುವ ಹದಿನೈದು ನಿಮಿಷ ಮೊದಲು ಹಚ್ಚಿದರೆ ಸಾಕು. ಶಾಲೆಯ ಶಿಕ್ಷಕಿಗೆ ಊಟದ ಬಿಡುವಿನಲ್ಲಿ ಒಂದು ಸಲ, ಮೈದಾನದ ಡ್ಯೂಟಿ ಇದ್ದರೆ ಅದಕ್ಕೆ ಮುಂಚೆ, ಮನೆಗೆ ಹೊರಡುವ ಮುಂಚೆ ಇನ್ನೊಂದು ಸಲ. ದಿನವಿಡೀ ಬೀದಿಯಲ್ಲಿ ಕೆಲಸ ಮಾಡುವವರಿಗೆ ಮಾತ್ರ ಎರಡು ಗಂಟೆ ಅಂದರೆ ಎರಡೇ ಗಂಟೆ.

ಕಿಟಕಿ ಗಾಜಿನ ಬಗ್ಗೆ ಒಂದು ಮಾತು. ನಮ್ಮನ್ನು ಮುಟ್ಟುವ ಅತಿನೇರಳೆ ಕಿರಣದಲ್ಲಿ ಯುವಿಎ, ಯುವಿಬಿ ಅಂತ ಎರಡು ಬಗೆ. ಮಾಮೂಲಿ ಗಾಜು ಯುವಿಬಿ ತಡೆಯುತ್ತದೆ, ಆದ್ದರಿಂದ ಚರ್ಮ ಕೆಂಪಗಾಗುವುದಿಲ್ಲ. ಯುವಿಎ ಒಳಗೆ ಬರುತ್ತದೆ. ಬಂಗು ಕಪ್ಪಾಗುವುದಕ್ಕೂ ಸುಕ್ಕಿಗೂ ಅದು ಸಾಕು. ಕಿಟಕಿ ತೆರೆದಿದ್ದರೆ ಎರಡೂ ಬಂದವು. ಮೈಸೂರಿನಿಂದ ಮಂಡ್ಯಕ್ಕೆ ಬೆಳಿಗ್ಗೆ ಹೋಗಿ ಸಂಜೆ ವಾಪಸಾಗುವವರು ಇಲ್ಲಿ ಇರಬಹುದು. ದಾರಿ ಈಶಾನ್ಯಕ್ಕೆ ಹೋಗುತ್ತದೆ. ಬೆಳಿಗ್ಗೆ ಸೂರ್ಯ ಬಸ್ಸಿನ ಬಲಕ್ಕೆ. ಸಂಜೆ ನೈರುತ್ಯಕ್ಕೆ ಬರುವಾಗ ಪಶ್ಚಿಮದ ಸೂರ್ಯ ಮತ್ತೆ ಬಲಕ್ಕೇ. ಅಂದರೆ ವರ್ಷಗಟ್ಟಲೆ ಬಲಗಡೆ ಕಿಟಕಿಯಲ್ಲಿ ಕೂತರೆ ದಿನಕ್ಕೆ ಎರಡು ಸಲವೂ ಅದೇ ಬಲಗೆನ್ನೆಗೆ ಬಿಸಿಲು. ನೀವು ಎಡಗಡೆ ಸೀಟು ಹಿಡಿಯಿರಿ. ಮಂಡ್ಯದಿಂದ ಮೈಸೂರಿಗೆ ಕೆಲಸಕ್ಕೆ ಬರುವವರಿಗೆ ಇದು ಉಲ್ಟಾ, ಅವರಿಗೆ ಎರಡೂ ಹೊತ್ತು ಬಿಸಿಲು ಎಡಕ್ಕೆ. ಕಾಸು ಖರ್ಚಿಲ್ಲದ ಸನ್‌ಸ್ಕ್ರೀನ್ ಇದು, ರೈಲಿಗೂ ಅನ್ವಯಿಸುತ್ತದೆ.

ಈಗ ಕೈಗೆ ಕೆಲಸ. ಬ್ಯಾಗಿನಲ್ಲಿ ಇರಬೇಕಾದ್ದು ನಾಲ್ಕೇ: ಎಣ್ಣೆ ಹೀರುವ ಬ್ಲಾಟಿಂಗ್ ಪೇಪರ್ ಅಥವಾ ಟಿಶ್ಯೂ, ಗಾಳಿಯಾಡುವ ಡಬ್ಬಿಯಲ್ಲಿ ಒಂದು ಮೇಕಪ್ ಸ್ಪಂಜು, ನೀರಿನಂತೆ ತೆಳುವಾದ ಸನ್‌ಸ್ಕ್ರೀನ್, ಒಂದು ಸ್ಟಿಕ್ (ಕಡ್ಡಿಯಂತೆ ಗಟ್ಟಿಯಾದ ಸನ್‌ಸ್ಕ್ರೀನ್).

ಕೈ ತೊಳೆದು ಶುರುಮಾಡಿ. ಪೇಪರನ್ನು ಹಣೆ, ಮೂಗು, ಮೂಗಿನ ಪಕ್ಕ, ಗಲ್ಲದ ಮೇಲೆ ಇಟ್ಟು ಐದು ಎಣಿಸುವಷ್ಟು ಹೊತ್ತು ಒತ್ತಿ, ಎತ್ತಿ. ಒರೆಸಬೇಡಿ. ಈ ಹಂತ ಬಿಟ್ಟರೆ ಹೊಸ ಪದರ ಎಣ್ಣೆಯ ಮೇಲೆ ತೇಲುತ್ತದೆ, ಹತ್ತು ನಿಮಿಷದಲ್ಲಿ ಮೂಗಿನ ಪಕ್ಕ ಬಿರುಕು ಬಿಡುತ್ತದೆ. ಬೆವರಿದ್ದರೆ ಫ್ಯಾನಿನ ಕೆಳಗೆ ಎರಡು ನಿಮಿಷ ಕೂತು ಆರಲಿ.

ಸ್ಪಂಜನ್ನು ನೀರಿನಲ್ಲಿ ಅದ್ದಿ, ಹಿಂಡಿ, ಟಿಶ್ಯೂವಿನೊಳಗೆ ಇನ್ನೊಮ್ಮೆ ಹಿಂಡಿ. ಒದ್ದೆ ಅನ್ನಿಸಬಾರದು, ತಣ್ಣಗೆ ಅನ್ನಿಸಬೇಕು. ಒಣ ಸ್ಪಂಜು ಸನ್‌ಸ್ಕ್ರೀನನ್ನೆಲ್ಲ ತಾನೇ ಕುಡಿಯುತ್ತದೆ, ತೊಟ್ಟಿಕ್ಕುವ ಸ್ಪಂಜು ಫೌಂಡೇಶನ್ ಕರಗಿಸುತ್ತದೆ. ಮುಖಕ್ಕೆ ಒಂದು ಬೆರಳಿನಷ್ಟು ಸನ್‌ಸ್ಕ್ರೀನ್ ಸಾಕು, ಅದರ ಅರ್ಧವನ್ನು ಅಂಗೈ ಹಿಂಭಾಗದಲ್ಲಿ ತೆಳ್ಳಗೆ ಹರಡಿ. ಸ್ಪಂಜಿನ ಚಪ್ಪಟೆ ಭಾಗವನ್ನು ಅದರ ಮೇಲೆ ಒತ್ತಿ ಎತ್ತಿ, ಆಮೇಲೆ ಮುಖಕ್ಕೆ. ಕೆನ್ನೆಯ ಮೂಳೆ ಮೊದಲು, ಆಮೇಲೆ ಹಣೆ, ಮೂಗಿನ ದಂಡೆ, ಮೇಲ್ದುಟಿಯ ಮೇಲ್ಭಾಗ, ಕೊನೆಗೆ ದವಡೆ. ರೊಟ್ಟಿ ತಟ್ಟಿದ ಹಾಗೆ ನೇರ ಕೆಳಗೆ, ನೇರ ಮೇಲೆ. ಪಕ್ಕಕ್ಕೆ ಜಾರಿಸಿದಿರೋ ಕೆಳಗಿನ ಮೇಕಪ್ ಗೆರೆಗೆರೆಯಾಗಿ ಎದ್ದು ಬರುತ್ತದೆ. ಎರಡು ನಿಮಿಷ ಬಿಟ್ಟು ಉಳಿದರ್ಧ. ಒಂದೇ ಸಲಕ್ಕೆ ಪೂರ್ತಿ ಹಾಕಿದರೆ ಸನ್‌ಸ್ಕ್ರೀನಿನಲ್ಲಿರುವ ಎಣ್ಣೆಯಂಥ ಫಿಲ್ಟರ್‌ಗಳು ಫೌಂಡೇಶನ್ನನ್ನು ಕರಗಿಸಿಬಿಡುತ್ತವೆ.

ಕಿವಿಯ ಅಂಚು, ಕತ್ತು, ಕತ್ತಿನ ಹಿಂಭಾಗ, ಮುಂಗೈ, ಇಲ್ಲೆಲ್ಲ ಸಾಮಾನ್ಯವಾಗಿ ಮೇಕಪ್ ಇರುವುದಿಲ್ಲ. ಅಲ್ಲಿ ಸ್ಪಂಜು ಯಾಕೆ? ಕೈಯಿಂದಲೇ ಧಾರಾಳವಾಗಿ ಹಚ್ಚಿ. ಜಡೆ ಅಥವಾ ತುರುಬು ಕಟ್ಟಿ ಹೂ ಮುಡಿದವರಿಗೆ ಕತ್ತಿನ ಹಿಂಭಾಗ ಪೂರ್ತಿ ತೆರೆದಿರುತ್ತದೆ. ಬೈತಲೆಗೆ ಸ್ಟಿಕ್ ಎರಡು ಎಳೆತ. ಕುಂಕುಮ ಇಟ್ಟವರು ಕುಂಕುಮದ ಹಿಂದಿನಿಂದ ಶುರುಮಾಡಿ.

ಕಣ್ಣಿನ ಸುತ್ತ ದ್ರವ ಬೇಡ. ಬೆವರಿನೊಡನೆ ಇಳಿದು ಕಣ್ಣು ಉರಿಯುತ್ತದೆ, ಉಜ್ಜಿದರೆ ಕಾಡಿಗೆ ಕೆನ್ನೆಗೆ ಬರುತ್ತದೆ. ಅಲ್ಲಿಗೆ ಸ್ಟಿಕ್. ಸ್ಟಿಕ್ ಅಂದರೆ ಮೇಣ, ನೀರಿಲ್ಲದ್ದು, ಹರಿಯುವುದಿಲ್ಲ. ಮೇಕಪ್ ಮೇಲೆ ನೇರವಾಗಿ ಎಳೆದರೆ ಕೀಳುತ್ತದೆ, ಆದ್ದರಿಂದ ಬೆರಳ ತುದಿಗೆ ನಾಲ್ಕು ಸಲ ಉಜ್ಜಿ, ಬೆಚ್ಚಗಾದ ಮೇಲೆ ಕಣ್ಣಿನ ಕೆಳಗೆ ಒತ್ತಿ. ಮೇಕಪ್ ಇಲ್ಲದ ಚರ್ಮಕ್ಕೆ ನೇರ ಹಚ್ಚುವಾಗ ಒಂದೇ ಎಳೆತ ಸಾಲದು, ಹೋಗಿ ಬಂದು ಮೂರು ನಾಲ್ಕು ಸಲ ಬೇಕು. ಬಳಸಿದ ಮೇಲೆ ತುದಿಯನ್ನು ಟಿಶ್ಯೂವಿನಿಂದ ಒರೆಸಿಡಿ. ತುಟಿಗೆ ಎಸ್‌ಪಿಎಫ್ ಇರುವ ಬಾಮ್ ಬೇರೆ. ಕಾಫಿ ಕುಡಿದರೆ, ಊಟ ಮಾಡಿದರೆ ಅದು ಹೋಯಿತು ಅಂತಲೇ ಲೆಕ್ಕ.

ಪೂರ್ತಿ ಕೂತ ಮೇಲೆ ಜಿಡ್ಡು ಅನ್ನಿಸಿದರೆ ಮೂಗು, ಹಣೆಗೆ ಮಾತ್ರ ಸ್ವಲ್ಪ ಪೌಡರ್ ಒತ್ತಿ. ಎಲ್ಲ ಸೇರಿ ಎಂಟು ನಿಮಿಷದ ಕೆಲಸ, ಕೈ ಪಳಗಿದರೆ ಐದು.

ಏನೇನು ಕೆಡುತ್ತದೆ ಅಂತಲೂ ಹೇಳಬೇಕು. ಎಲ್ಲರೂ ದೂರುವುದು ರಬ್ಬರಿನ ಚೂರಿನ ಹಾಗೆ ಸಣ್ಣ ಸಣ್ಣ ಉರುಳೆ ಏಳುವುದನ್ನು. ಕೆಳಗಿನ ಪದರ ಒಣಗುವ ಮೊದಲೇ ಮೇಲಿನದು ಹಾಕಿದರೆ ಹೀಗಾಗುತ್ತದೆ. ಉಜ್ಜಿದರೂ ಆಗುತ್ತದೆ, ನಡುವೆ ಪೌಡರ್ ದಪ್ಪಗಿದ್ದರೂ ಆಗುತ್ತದೆ. ಸಿಲಿಕೋನ್ ಹೆಚ್ಚಿರುವ ಪ್ರೈಮರ್ (ಫೌಂಡೇಶನ್‌ಗೆ ಮುಂಚೆ ಹಚ್ಚುವ ತಳಪದರ) ಮೇಲೆ ನೀರಿನ ಜೆಲ್ ಹಾಕಿದರೂ ಒಂದಕ್ಕೊಂದು ಹಿಡಿಯುವುದಿಲ್ಲ. ಒಮ್ಮೆ ಉರುಳೆ ಎದ್ದರೆ ಆ ಜಾಗವನ್ನು ತಟ್ಟಿ ಸರಿಮಾಡಲು ಆಗದು, ಅಷ್ಟು ಭಾಗ ಒರೆಸಿ ಮತ್ತೆ ಹಚ್ಚಬೇಕು. ಮುಂಗೈ ಮೇಲೆ ನಿಮ್ಮ ಪ್ರೈಮರ್, ಫೌಂಡೇಶನ್, ಸನ್‌ಸ್ಕ್ರೀನ್ ಅದೇ ಕ್ರಮದಲ್ಲಿ ಹಾಕಿ ಒಂದು ದಿನ ಮನೆಯಲ್ಲೇ ನೋಡಿಕೊಂಡರೆ ಆಫೀಸಿನ ಕನ್ನಡಿ ಮುಂದೆ ಈ ಪಾಡು ಬರುವುದಿಲ್ಲ.

ಇನ್ನೊಂದು ಬೂದಿ ಬಳಿದಂಥ ಬಿಳಿಚು. ಅದು ಝಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಅನ್ನುವ ಬಿಳಿ ಫಿಲ್ಟರ್‌ಗಳದ್ದು. ನಮ್ಮ ಮೈಬಣ್ಣಕ್ಕೆ ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಒಳ್ಳೆಯದು, ಬರೀ ಚೆಂದಕ್ಕಲ್ಲ. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ಕಪ್ಪು ಹೆಚ್ಚಿಸುತ್ತದೆ. ಬಣ್ಣವಿಲ್ಲದ ಸನ್‌ಸ್ಕ್ರೀನ್ ಅದನ್ನು ಹೆಚ್ಚು ತಡೆಯುವುದಿಲ್ಲ, ಬಣ್ಣ ಕೊಡುವ ಐರನ್ ಆಕ್ಸೈಡ್ ತಡೆಯುತ್ತದೆ. ನಿಮ್ಮ ಫೌಂಡೇಶನ್‌ನಲ್ಲಿ ಇರುವುದೂ ಅದೇ. ಹಾಗಾಗಿ ಬಂಗು ಇರುವವರು ಮಧ್ಯಾಹ್ನ ಫೌಂಡೇಶನ್ ಒರೆಸಿ ಬಣ್ಣವಿಲ್ಲದ ಸನ್‌ಸ್ಕ್ರೀನ್ ಹಚ್ಚಿದರೆ ಒಂದು ಪಡೆದು ಒಂದು ಕಳೆದುಕೊಂಡ ಹಾಗೆ.

ಸುಲಭದ ದಾರಿ ಅಂತ ಮಾರುವ ಪೌಡರ್ ಮತ್ತು ಸ್ಪ್ರೇ ಬಗ್ಗೆ ನಮ್ಮ ಅಭಿಪ್ರಾಯ ಗಟ್ಟಿಯಾಗಿದೆ: ಏನೂ ಇಲ್ಲದ್ದಕ್ಕಿಂತ ಮೇಲು, ಅದನ್ನೇ ನಂಬಬೇಡಿ. ಬ್ರಶ್ ನಾಲ್ಕು ಸುತ್ತು ತಿರುಗಿಸಿದರೆ ಮುಖದ ಮೇಲೆ ಉಳಿಯುವ ಪುಡಿ ಬೇಕಾದ ಗ್ರಾಂ ತೂಕದ ಸಣ್ಣ ಪಾಲು ಮಾತ್ರ. ಸ್ಪ್ರೇ ಗಾಳಿಗೆ ಹಾರುತ್ತದೆ, ಮೂಗಿನೊಳಗೆ ಹೋಗುತ್ತದೆ. ಬಳಸಲೇಬೇಕಾದರೆ ಸ್ಪಂಜಿಗೆ ಸಿಂಪಡಿಸಿ ಒತ್ತಿ. ಮದುವೆ ಮೇಕಪ್ ಮಾಡುವವರು ಇನ್ನೊಂದು ನೆನಪಿಡಿ: ಹೆಚ್ಚಿನ ಸ್ಪ್ರೇಗಳಲ್ಲಿ ಆಲ್ಕೊಹಾಲ್ ಇರುತ್ತದೆ, ಬೆಂಕಿ ಹಿಡಿಯುತ್ತದೆ. ಹೋಮಕುಂಡದ ಹತ್ತಿರ, ದೀಪದ ಹತ್ತಿರ ಸ್ಪ್ರೇ ಡಬ್ಬಿ ತೆಗೆಯಲೇಬೇಡಿ. ಮುಖದಲ್ಲಿ ಆರುವ ಮುನ್ನ ವಧುವನ್ನು ಹೋಮದ ಮುಂದೆ ಕೂರಿಸಬೇಡಿ.

ದಸರೆಯ ಹೊತ್ತಿಗೆ ಜಂಬೂಸವಾರಿ ನೋಡಲು, ಕುಣಿಯಲು ಗಂಟೆಗಟ್ಟಲೆ ಬಯಲಲ್ಲಿ ಇರುವವರ ಮಾತೇ ಬೇರೆ. ಅಕ್ಟೋಬರಿನಲ್ಲೂ ನಡುಹಗಲ ಸೂರ್ಯ 70 ಡಿಗ್ರಿ ಎತ್ತರದ ಆಸುಪಾಸಿನಲ್ಲಿರುತ್ತಾನೆ, ತೆಳುಮೋಡ ಬಂದರೂ ಕಿರಣದ ಬಹುಪಾಲು ಕೆಳಗೆ ಬರುತ್ತದೆ. ಬೆವರು ಧಾರೆಯಾಗಿ ಇಳಿಯುತ್ತಿರುವ ಮುಖಕ್ಕೆ ಸ್ಪಂಜಿನ ಉಪಾಯ ಕೆಲಸ ಮಾಡುವುದಿಲ್ಲ. ಅಲ್ಲಿ ಮೇಕಪ್ ತೆಗೆದು, ಒರೆಸಿ, ಸನ್‌ಸ್ಕ್ರೀನ್ ಹಚ್ಚಿ, ಮೇಲೆ ತೆಳುವಾಗಿ ಮತ್ತೆ ಮಾಡಿಕೊಳ್ಳುವುದೇ ಸರಿ. ಆಗದಿದ್ದರೆ ಕೊಡೆ, ಅಗಲ ಅಂಚಿನ ಟೋಪಿ. ಮಂಡ್ಯದ ಏಪ್ರಿಲ್ ಬಿಸಿಲಿಗೂ ಇದೇ ಮಾತು.

ಕೊನೆಯಲ್ಲಿ ಸಭಿಕರಿಂದ ಕೆಲವು ಪ್ರಶ್ನೆಗಳು ಬಂದವು. ಗಂಧ ತೇಯ್ದು ಹಚ್ಚಿದರೆ ಸಾಲದೇ ಅಂತ ಒಬ್ಬರು ಕೇಳಿದರು. ಗಂಧ ತಂಪು ಕೊಡುತ್ತದೆ, ಅತಿನೇರಳೆ ಕಿರಣ ತಡೆಯುವುದಕ್ಕೆ ಅದನ್ನು ನೆಚ್ಚುವಂತಿಲ್ಲ. ಕೊಬ್ಬರಿ ಎಣ್ಣೆಯೂ ಅಷ್ಟೆ. ಬಿಂದಿ ಅಂಟಿಸಿದ ಜಾಗ ಬೆಳ್ಳಗಾಗಿದೆ, ಅಲ್ಲಿಗೂ ಹಚ್ಚಬಹುದೇ ಅಂತ ಇನ್ನೊಬ್ಬರು. ಕೆಲವು ಸ್ಟಿಕರ್‌ಗಳ ಅಂಟಿನಲ್ಲಿರುವ ರಾಸಾಯನಿಕ ಹಾಗೆ ಬಣ್ಣ ಕಳೆಯುತ್ತದೆ. ಬಣ್ಣ ಹೋದ ಚರ್ಮ ಬೇಗ ಸುಡುತ್ತದೆ, ಆದ್ದರಿಂದ ಹಚ್ಚಲೇಬೇಕು. ಸ್ಟಿಕರ್ ನಿಲ್ಲಿಸಿ ಚರ್ಮವೈದ್ಯರಿಗೆ ತೋರಿಸಿ.

ಟ್ಯೂಬನ್ನು ಸ್ಕೂಟರಿನ ಡಿಕ್ಕಿಯಲ್ಲೇ ಇಟ್ಟರೆ ಆಗದೇ ಎಂಬ ಪ್ರಶ್ನೆಗೆ ಉತ್ತರ: ಆಗದು. ಬಿಸಿಲಿನಲ್ಲಿ ನಿಂತ ಗಾಡಿಯ ಒಳಗಿನ ಬಿಸಿ ಹೊರಗಿನದಕ್ಕಿಂತ ಬಹಳ ಹೆಚ್ಚು. ಸ್ಟಿಕ್ ಕರಗಿ ಮತ್ತೆ ಗಟ್ಟಿಯಾಗುತ್ತದೆ, ಕ್ರೀಮ್ ಒಡೆದು ಎಣ್ಣೆ, ನೀರು ಬೇರೆಯಾಗುತ್ತವೆ. ಹಿಂಡಿದಾಗ ಮೊದಲು ನೀರು ಬಂದರೆ, ವಾಸನೆ ಬದಲಾಗಿದ್ದರೆ, ಹರಳು ಹರಳಾಗಿದ್ದರೆ ಅವಧಿ ಮುಗಿಯದಿದ್ದರೂ ಎಸೆಯಿರಿ. ಸ್ಪಂಜನ್ನು ದಿನವೂ ಸೋಪಿನಲ್ಲಿ ತೊಳೆದು ಗಾಳಿಗೆ ಒಣಗಿಸಿ. ಒಳಗೆ ಕಪ್ಪು ಚುಕ್ಕೆ ಕಂಡರೆ ಅದು ಬೂಷ್ಟು, ಎಷ್ಟು ತೊಳೆದರೂ ಹೋಗದು. ಪಾರ್ಲರ್ ನಡೆಸುವವರು ಒಬ್ಬರ ಮುಖಕ್ಕೆ ಮುಟ್ಟಿಸಿದ ಸ್ಪಂಜನ್ನು ಇನ್ನೊಬ್ಬರಿಗೆ ಮುಟ್ಟಿಸಬೇಡಿ, ಸ್ಟಿಕ್ಕನ್ನೂ ನೇರವಾಗಿ ಹಚ್ಚಬೇಡಿ. ಚಮಚದ ಹಿಡಿಯಿಂದ ಕೆರೆದು ತಟ್ಟೆಗೆ ತೆಗೆದುಕೊಂಡು ಅಲ್ಲಿಂದ ಬಳಸಿ.